ಅಟ್ಟದ ಮೇಲಿನ ಗೊಂಬೆಗೂ ಒಂದು ಶಾಸನ ಬೇಕು

ಸಿಂಹಾಚಲಂ: ನೌಕರಿ, ವರ್ಗಾವಣೆ, ವ್ಯಾಪಾರವೆಂದು ವಿಶಾಖಪಟ್ಟಣದ ಕಡೆ ಬಂದು ನೆಲೆಸಿದ ಕನ್ನಡಿಗರಿಗೆ ಗೊಂಬೆ ಹಬ್ಬ ವರ್ಷಕ್ಕೆ ಎರಡು ಸಲ. ದಸರೆಗೆ ನಮ್ಮವರು ಗೊಂಬೆ ಕೂರಿಸಿದರೆ, ಸಂಕ್ರಾಂತಿಗೆ ಪಕ್ಕದ ತೆಲುಗು ಮನೆಯಲ್ಲಿ ‘ಬೊಮ್ಮಲ ಕೊಲುವು’. ತವರಿನಿಂದ ಮಗಳ ಜತೆ ಬಂದ ಪಟ್ಟದ ಗೊಂಬೆ, ಚನ್ನಪಟ್ಟಣದ ಬುಗುರಿ, ಅಜ್ಜಿಯ ಕಾಲದ ಕುಂಕುಮದ ಭರಣಿ ಹಬ್ಬ ಮುಗಿದೊಡನೆ ಮತ್ತೆ ಅಟ್ಟ ಸೇರುತ್ತವೆ. ನಿವೃತ್ತಿಯಾಗಿ ಕ್ವಾರ್ಟರ್ಸ್ ಖಾಲಿ ಮಾಡುವಾಗಲೋ, ಫ್ಲಾಟಿಗೆ ಹೋಗುವಾಗಲೋ ಹಳೆ ಪೇಪರಿನೊಂದಿಗೆ ಗುಜರಿಯವನ ತಕ್ಕಡಿ ಏರುವುದೂ ಉಂಟು. ಹೋದದ್ದು ಎಷ್ಟೆಂದು ತಿಳಿಯುವುದು ಮೊಮ್ಮಕ್ಕಳು ಕೇಳಿದಾಗಲೇ.

ಇದು ಕೇವಲ ನಮ್ಮ ಪಾಡಲ್ಲ. ಅಮೆರಿಕದಲ್ಲೂ ಒಂದು ಕಾಲಕ್ಕೆ ಗಾಳಿದಿಕ್ಕು ತೋರುವ ತಗಡಿನ ಕೋಳಿ, ತೇಪೆ ಹೊಲಿದ ಕೌದಿ, ಮರದ ಬಾತುಕೋಳಿಗಳನ್ನು ಕಲೆಯೆಂದು ಯಾರೂ ಎಣಿಸಿರಲಿಲ್ಲ. ಶ್ರೀಮಂತರ ಮಗಳು ಎಲೆಕ್ಟ್ರಾ ಹ್ಯಾವೆಮೇಯರ್ ಹದಿಹರೆಯದಲ್ಲಿ ಹೊಗೆಸೊಪ್ಪಿನ ಅಂಗಡಿಯ ಮುಂದೆ ನಿಲ್ಲಿಸುವ ಮರದ ಗೊಂಬೆಯೊಂದನ್ನು 15 ಡಾಲರಿಗೆ ಕೊಂಡು ತಂದಾಗ, ಯುರೋಪಿನ ಹೆಸರಾಂತ ಚಿತ್ರಗಳನ್ನು ಸಂಗ್ರಹಿಸಿದ್ದ ತಾಯಿ ಹೌಹಾರಿದರಂತೆ. ಮುಂದೆ 1947ರಲ್ಲಿ ಅದೇ ಹುಡುಗಿ ವರ್ಮಾಂಟ್ ರಾಜ್ಯದಲ್ಲಿ ಶೆಲ್ಬರ್ನ್ ಮ್ಯೂಸಿಯಂ ಕಟ್ಟಿದರು.

ಕನ್ನಡಿಗರಲ್ಲಿ ಇಂಥ ಹುಚ್ಚಿಗೆ ದೊಡ್ಡ ಹೆಸರು ದಿ. ವಿಜಯನಾಥ ಶೆಣೈ ಅವರದು. ಅವರು ಶ್ರೀಮಂತರಲ್ಲ, ಸಿಂಡಿಕೇಟ್ ಬ್ಯಾಂಕಿನ ನೌಕರರು. ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿದ್ದ ಕಾಲದಲ್ಲಿ ಕಂಬ, ಬಾಗಿಲು, ಪಾತ್ರೆ, ಗೊಂಬೆಗಳನ್ನು ಉಳಿಸಿದರು. ಕೊನೆಗೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರೂ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅವರ ಮಾತನ್ನು ಹೇಳುತ್ತಲೇ ಇದೆ. ಸಂಗ್ರಹಕ್ಕೆ ಹಣಕ್ಕಿಂತ ಮೊದಲು ಕಣ್ಣು ಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಕಣ್ಣು ತೆರೆಯಲು ಇಲ್ಲಿನವರು ದೂರ ಹೋಗಬೇಕಾಗಿಲ್ಲ. ವಿಶಾಖಪಟ್ಟಣದಿಂದ ಸುಮಾರು 65 ಕಿ.ಮೀ. ದೂರದಲ್ಲಿ ವರಾಹ ನದಿಯ ದಡದಲ್ಲಿರುವ ಏಟಿಕೊಪ್ಪಾಕ ಮರದ ಆಟಿಕೆಗಳ ಊರು. ಅಲ್ಲಿಯ ‘ಅಂಕುಡು’ ಮರವೇ ಚನ್ನಪಟ್ಟಣದವರ ಆಲೆಮರ. ಎರಡೂ ಕಡೆ ಮರವನ್ನು ಲೇತಿನಲ್ಲಿ ತಿರುಗಿಸುತ್ತಾ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ; ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಬೀಜ, ಬೇರು, ತೊಗಟೆ, ಎಲೆಗಳ ಬಣ್ಣವನ್ನು ಮತ್ತೆ ಬಳಕೆಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2017ರಲ್ಲಿ ಭೌಗೋಳಿಕ ಗುರುತು ಪಡೆದ ಈ ಗೊಂಬೆಗಳು 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರದ ಸ್ತಬ್ಧಚಿತ್ರವಾಗಿ ದೆಹಲಿಯಲ್ಲೂ ಮೆರೆದವು. ಅತ್ತ ವಿಜಯವಾಡದ ಬಳಿಯ ಕೊಂಡಪಲ್ಲಿಯ ಗೊಂಬೆಗಳದು ಬೇರೆ ಜಾತಿ. ಅವಕ್ಕೆ ಹಗುರವಾದ ‘ಪೊಣಿಕಿ’ ಮರ.

ಮನೆಯಲ್ಲಿ ಹಳೆಯ ಗೊಂಬೆ ಇರುವವರು ಕೆಲವು ಸಂಗತಿ ಗಮನಿಸಬೇಕು. ಹೊಳಪು ಬರಲೆಂದು ಹೊಸ ಪೇಂಟ್, ವಾರ್ನಿಶ್ ಬಳಿದರೆ ಗೊಂಬೆ ಹೊಸದಾಗುವುದಿಲ್ಲ, ಹಳೆಯದು ಹಾಳಾಗುತ್ತದೆ. ಅರಗಿನ ಬಣ್ಣಕ್ಕೆ ಬಿಸಿಲು, ಸ್ಪಿರಿಟ್ ಎರಡೂ ಶತ್ರು. ಒಣಗಿದ ಮೆದು ಬಟ್ಟೆಯಲ್ಲಿ ಧೂಳು ಒರೆಸಿ, ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಕಡಲತಡಿಯ ಊರಾದ್ದರಿಂದ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿಯುತ್ತದೆ. ಅಮೆರಿಕದಲ್ಲಿರುವ ಮಗಳಿಗೆ ಕೊಟ್ಟು ಕಳಿಸುವವರೂ ತುಸು ಯೋಚಿಸಬೇಕು: 1972ರ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತು ಪುರಾವಸ್ತುವಾಗುತ್ತದೆ, ಅದನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಗೊಂಬೆಯ ಕಥೆ. 1516ರಲ್ಲಿ ಸಿಂಹಾಚಲಕ್ಕೆ ಬಂದ ಕೃಷ್ಣದೇವರಾಯ ದೇವರಿಗೆ ಒಡವೆ ಒಪ್ಪಿಸಿದ. ಇಂದಿಗೂ ನಮಗದು ಗೊತ್ತಿರುವುದು ಕಲ್ಲಿನಲ್ಲಿ ಬರೆಸಿದ್ದರಿಂದ. ಗೊಂಬೆಗೂ ಅಂಥದೊಂದು ಶಾಸನ ಬೇಕು. ಯಾರು, ಯಾರಿಗೆ, ಯಾವ ಊರಲ್ಲಿ, ಯಾವ ವರ್ಷ ಕೊಟ್ಟರು ಎಂದು ಒಂದು ಚೀಟಿಯಲ್ಲಿ ಬರೆದು ಜತೆಗಿಟ್ಟರೆ ಆಯಿತು. ಚೀಟಿಯಿಲ್ಲದ ಗೊಂಬೆ ಮಾರಾಟದ ಸರಕು, ಚೀಟಿಯಿರುವ ಗೊಂಬೆ ಮನೆತನದ ಆಸ್ತಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.

ಸಿಂಹಾದ್ರಿ ಅಪ್ಪನ ನಿಜರೂಪ ಅಕ್ಷಯ ತದಿಗೆಯ ದಿನ ಮಾತ್ರ ಕಾಣುತ್ತದೆ. ಉಳಿದ ದಿನವೆಲ್ಲ ಚಂದನದ ಮುಸುಕು. ಆದರೂ ಒಳಗೆ ಯಾರಿದ್ದಾರೆಂದು ಭಕ್ತರು ಮರೆತಿಲ್ಲ. ಅಟ್ಟದ ಮೇಲೆ ಧೂಳು ಮುಸುಕಿ ಕುಳಿತವರನ್ನೂ ನಮ್ಮವರು ಮರೆಯಬಾರದು. ಈ ದಸರೆಗೆ ಸಂಘದ ಸದಸ್ಯರು ತಮ್ಮ ಮನೆಯ ಅತಿ ಹಳೆಯ ಗೊಂಬೆಯನ್ನು ಅದರ ಚೀಟಿಯೊಂದಿಗೆ ಒಂದೆಡೆ ಕೂರಿಸಿದರೆ, ಹಬ್ಬದ ಜತೆಗೆ ಇಲ್ಲಿನ ಕನ್ನಡ ಮನೆಗಳ ಚರಿತ್ರೆಯೂ ಸಾಲುಮೆಟ್ಟಿಲ ಮೇಲೆ ಕುಳಿತಂತಾಗುತ್ತದೆ.