ಲಿಥಿಯಂ ಬ್ಯಾಟರಿಗೆ ಎಷ್ಟು ವೋಲ್ಟ್ ಕೊಡಬೇಕು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲ ಬಂತು ಅಂದ್ರೆ ಲೈನ್ ಮೇಲೆ ಮರ ಬೀಳೋದು, ಕರೆಂಟ್ ಹೋಗೋದು ಹೊಸದಲ್ಲ. ಹಳೇ ಯುಪಿಎಸ್‌ಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕ್ಸೋ ಮುಂಚೆ ಇದನ್ನ ಕೇಳಿ.

12 ವೋಲ್ಟ್ ಅಂತ ಮಾರೋ ಈ ಬ್ಯಾಟರಿ ಒಳಗೆ ಸಾಲಾಗಿ 4 ಸೆಲ್ ಇರ್ತವೆ. ಒಂದು ಸೆಲ್‌ನ ಮಿತಿ 3.65 ವೋಲ್ಟ್, ನಾಲ್ಕಕ್ಕೆ 14.6. ಅದು ಗಡಿ, ದಿನಾ ಮುಟ್ಟಲೇಬೇಕು ಅಂತಿಲ್ಲ. 14.2ಕ್ಕೆ ನಿಲ್ಲಿಸಿದ್ರೂ ಬ್ಯಾಟರಿ ಹೆಚ್ಚುಕಡಿಮೆ ಪೂರ್ತಿ ತುಂಬುತ್ತೆ, ಬಾಳಿಕೆನೂ ಬರುತ್ತೆ. ಫ್ಲೋಟ್, ಅಂದ್ರೆ ತುಂಬಿದ ಮೇಲೆ ಹಿಡಿದಿಡೋ ವೋಲ್ಟೇಜ್, 13.5 ಸಾಕು.

ತೊಂದರೆ ಎಲ್ಲಿ? ನೀರು ಹಾಕೋ ಟ್ಯೂಬುಲರ್ ಬ್ಯಾಟರಿಗೆ ಅಂತ ಮಾಡಿದ ಕೆಲವು ಚಾರ್ಜರ್ 15 ವೋಲ್ಟ್ ದಾಟಿಸ್ತವೆ. ಆಗ ಬ್ಯಾಟರಿ ಒಳಗಿನ ಬಿಎಂಎಸ್ ಸರ್ಕ್ಯೂಟ್ ಚಾರ್ಜಿಂಗ್ ಕಟ್ ಮಾಡುತ್ತೆ. ಅದು ಕೊನೇ ರಕ್ಷಣೆ. ದಿನಾ ಅದನ್ನೇ ನಂಬ್ಕೊಂಡು ಕೂರಬೇಡಿ.

ಹಾಗೇ ಪೂರ್ತಿ ಖಾಲಿ ಮಾಡಬೇಡಿ. 12 ವೋಲ್ಟ್‌ಗೆ ಇಳೀತು ಅಂದ್ರೆ ಲೋಡ್ ತೆಗೀರಿ.

ಯುಪಿಎಸ್‌ನಲ್ಲಿ ಲಿಥಿಯಂ ಮೋಡ್ ಇದ್ಯಾ ನೋಡಿ. ಈಕ್ವಲೈಸೇಷನ್ (ಟ್ಯೂಬುಲರ್ ಬ್ಯಾಟರಿಗೆ ಅಂತ ಹೆಚ್ಚು ವೋಲ್ಟ್ ಕೊಡೋ ಸೆಟ್ಟಿಂಗ್) ಆಫ್ ಮಾಡಿ. ಚಾರ್ಜ್ ತುಂಬೋ ಹೊತ್ತಿಗೆ ಎಲೆಕ್ಟ್ರಿಷಿಯನ್ ಹತ್ರ ಬ್ಯಾಟರಿ ಟರ್ಮಿನಲ್‌ಗೆ ಮಲ್ಟಿಮೀಟರ್ ಇಡಿಸಿ. ಬ್ಯಾಟರಿ ಲೇಬಲ್‌ನಲ್ಲಿ 14.6ಕ್ಕಿಂತ ಕಡಿಮೆ ಮಿತಿ ಕೊಟ್ಟಿದ್ರೆ ಅದನ್ನೇ ಪಾಲಿಸಿ. ಮೀಟರ್ 14.6 ದಾಟಿದ್ರೆ ಆ ಚಾರ್ಜರ್ ನಿಮ್ಮ ಬ್ಯಾಟರಿಗಲ್ಲ, ಬದಲಾಯಿಸಿ.