ಕೋಳಿ ಬೇಲಿಗೆ ಮನೆ ಕರೆಂಟ್: ಕೋಳಿಯೂ ನಿಲ್ಲುವುದಿಲ್ಲ, ಜೀವಕ್ಕೂ ಅಪಾಯ

'ಕೋಳಿಗಳು ಬೇಲಿ ಹಾರಿ ಪಕ್ಕದ ಮನೆಗೆ ಹೋಗುತ್ತವೆಯೇ? ಬೇಲಿಯ ತಂತಿಗೆ ಮನೆಯ ಕರೆಂಟ್ ಕೊಡಿ, ನಡುವೆ ಒಂದು ಬಲ್ಬ್ ಹಾಕಿ, ಸಣ್ಣ ಶಾಕ್ ಮಾತ್ರ ಹೊಡೆಯುತ್ತದೆ.' 'ಈ ಆಪ್ ಹಾಕಿಕೊಳ್ಳಿ, ಮೊಬೈಲ್‌ನಿಂದ ಬರುವ ಅಲ್ಟ್ರಾಸಾನಿಕ್ ಸದ್ದಿಗೆ ಕೋಳಿಗಳು ಅಂಗಳ ಬಿಟ್ಟು ಹೋಗುವುದೇ ಇಲ್ಲ.' ಹಿತ್ತಲಲ್ಲಿ ನಾಲ್ಕೈದು ನಾಟಿ ಕೋಳಿ ಸಾಕುವವರ ಮೊಬೈಲ್‌ಗೆ ಇಂಥ ಸಲಹೆಗಳು ಬರುತ್ತಲೇ ಇರುತ್ತವೆ. ಖರ್ಚಿಲ್ಲದ ಉಪಾಯ ಎಂದು ನಾವೂ ನಾಲ್ಕು ಜನರಿಗೆ ಕಳಿಸಿಬಿಡುತ್ತೇವೆ.

ಇವುಗಳಲ್ಲಿ ಕೆಲವು ಬರೀ ಹಣ ಹಾಳು ಮಾಡುತ್ತವೆ, ಕೆಲವು ನಿಜಕ್ಕೂ ಕೆಲಸಕ್ಕೆ ಬರುತ್ತವೆ, ಒಂದು ಮಾತ್ರ ಜೀವ ತೆಗೆಯುತ್ತದೆ. ಒಂದೊಂದಾಗಿ ನೋಡೋಣ.

ಬೇಲಿಗೆ ಮನೆಯ ಕರೆಂಟ್ ಕೊಟ್ಟರೆ ಏನಾಗುತ್ತದೆ?

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್ ವಿದ್ಯುತ್. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತ ಮಗುವೊಂದು ಆ ತಂತಿ ಹಿಡಿದರೆ ಕರೆಂಟ್ ಕೈಯಿಂದ ಎದೆ, ಕಾಲುಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಚರ್ಮ ಒದ್ದೆಯಾಗಿದ್ದಾಗ ದೇಹದ ಪ್ರತಿರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ 230ನ್ನು 1,000ದಿಂದ ಭಾಗಿಸಿ ನೋಡಿ, ಮೈಯಲ್ಲಿ ಹರಿಯುವುದು ಸುಮಾರು 230 ಮಿಲಿಆಂಪಿಯರ್.

ಇದು ಎಷ್ಟು ದೊಡ್ಡದು? ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯು ಬಿಗಿದುಕೊಳ್ಳುತ್ತದೆ, ತಂತಿ ಬಿಡಬೇಕೆಂದರೂ ಬಿಡಲಾಗುವುದಿಲ್ಲ. 50ರಿಂದ 100 ಮಿಲಿಆಂಪಿಯರ್ ಒಂದೆರಡು ಸೆಕೆಂಡ್ ಎದೆಯ ಮೂಲಕ ಹರಿದರೂ ಹೃದಯದ ಬಡಿತದ ಲಯ ತಪ್ಪಿ ಸಾವು ಬರಬಹುದು.

'ನಡುವೆ ಬಲ್ಬ್ ಇದೆಯಲ್ಲ, ಕರೆಂಟ್ ಕಡಿಮೆಯಾಗುತ್ತದೆ' ಎನ್ನುವುದು ನಿಜವೇ?

ತುಂಬ ಜನ ನಂಬಿರುವ ಮಾತು ಇದು. ಲೆಕ್ಕ ಸುಲಭ. 60 ವ್ಯಾಟ್‌ನ ಹಳೆಯ ಬುರುಡೆ ಬಲ್ಬ್ ಪೂರ್ತಿ ಉರಿಯುವಾಗ ಅದರಲ್ಲಿ ಹರಿಯುವುದು ಸುಮಾರು 260 ಮಿಲಿಆಂಪಿಯರ್. ನಡುವೆ ಮನುಷ್ಯನ ದೇಹ ಸೇರಿದಾಗ ಬಲ್ಬ್ ಸರಿಯಾಗಿ ಬಿಸಿಯಾಗುವುದಿಲ್ಲ. ತಣ್ಣಗಿರುವ ಫಿಲಮೆಂಟ್‌ನ ಪ್ರತಿರೋಧ ಬಿಸಿ ಫಿಲಮೆಂಟ್‌ಗಿಂತ ಬಹಳ ಕಡಿಮೆ. ಹಾಗಾಗಿ ಬಲ್ಬ್ ಮಂಕಾಗಿ ಕಂಡರೂ ಕರೆಂಟ್ ದೇಹದೊಳಗೆ ಹೆಚ್ಚುಕಡಿಮೆ ತಡೆಯಿಲ್ಲದೆ ಹರಿಯುತ್ತದೆ. 15 ವ್ಯಾಟ್‌ನ ಚಿಕ್ಕ ಬಲ್ಬ್ ಹಾಕಿದರೂ 50 ಮಿಲಿಆಂಪಿಯರ್‌ನ ಆಸುಪಾಸು ಹರಿಯಬಲ್ಲದು. ಅದೂ ಅಪಾಯದ ಮಟ್ಟವೇ.

'ಎಂಸಿಬಿ ಇದೆ, ಟ್ರಿಪ್ ಆಗುತ್ತದೆ' ಎಂಬ ಧೈರ್ಯವೂ ಬೇಡ. ಮನೆಯ ಎಂಸಿಬಿ 6 ಅಥವಾ 16 ಆಂಪಿಯರ್ ದಾಟಿದಾಗ ಬೀಳುವಂಥದ್ದು. ಅದು ವೈರ್ ಸುಡದಂತೆ ಕಾಯುತ್ತದೆ. ಮನುಷ್ಯನನ್ನು ಕೊಲ್ಲಲು ಅದರ ನೂರನೇ ಒಂದು ಪಾಲು ಸಾಕು. ಜನರ ರಕ್ಷಣೆಗೆ ಇರುವುದು 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿತ ಮಾಡುವ ಆರ್‌ಸಿಸಿಬಿ. ಹಳೆಯ ಮನೆಗಳಲ್ಲಿ ಅದು ಇರುವುದೇ ಕಡಿಮೆ. ಕೋಳಿ ಇರಲಿ ಬಿಡಲಿ, ಅದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಆದರೆ ಅದು ಇದೆ ಎಂದು ಬೇಲಿಗೆ ಕರೆಂಟ್ ಕೊಡುವಂತಿಲ್ಲ.

ಇಷ್ಟೆಲ್ಲ ಆದರೂ ಕೋಳಿ ನಿಲ್ಲುತ್ತದೆಯೇ?

ಇಲ್ಲ. ಕಾಗೆ ಕರೆಂಟ್ ತಂತಿಯ ಮೇಲೆ ಕೂತರೂ ಅದಕ್ಕೆ ಶಾಕ್ ಹೊಡೆಯುವುದಿಲ್ಲ, ಏಕೆಂದರೆ ಅದರ ಕಾಲು ನೆಲಕ್ಕೆ ತಾಗಿರುವುದಿಲ್ಲ. ಕೋಳಿಯೂ ಹಾಗೆಯೇ. ಹಾರಿ ಬಂದು ಮೇಲಿನ ತಂತಿಯ ಮೇಲೆ ಕೂತು ಆಚೆ ಜಿಗಿದರೆ ಕರೆಂಟ್‌ಗೆ ನೆಲದ ದಾರಿ ಸಿಗುವುದಿಲ್ಲ. ನೆಲದ ಮೇಲೆ ನಿಂತು ಮೈ ಒರೆಸಿದರೂ ಒಣಗಿದ ಗರಿಗಳು ಕರೆಂಟನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹೀಗೆ ಕೋಳಿ ಹಾರಿ ಪಾರಾಗುತ್ತದೆ, ಅದನ್ನು ಹಿಡಿಯಲು ಓಡಿದ ಮಗು ತಂತಿಗೆ ಸಿಕ್ಕಿಬೀಳುತ್ತದೆ.

ಮನೆ ವಿದ್ಯುತ್ತನ್ನು ಬೇಲಿಗೆ ಹರಿಸುವುದು ಕಾನೂನುಬಾಹಿರವೂ ಹೌದು. ಅದರಿಂದ ಯಾರಾದರೂ ಸತ್ತರೆ ನಿರ್ಲಕ್ಷ್ಯದ ಸಾವಿನ ಪ್ರಕರಣ ದಾಖಲಾಗಬಹುದು. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಇದಕ್ಕೆ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಹಾಗಾದರೆ ಸೋಲಾರ್ ಬೇಲಿ ಹೇಗೆ ಸುರಕ್ಷಿತ?

ತೋಟಗಳಲ್ಲಿ ಕಾಣುವ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಆದರೂ ಸರಿಯಾಗಿ ಅಳವಡಿಸಿದರೆ ಅದು ಕೊಲ್ಲುವುದಿಲ್ಲ. ಕಾರಣ ಎನರ್ಜೈಸರ್ ಎಂಬ ಪೆಟ್ಟಿಗೆ. ಅದು ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು, ಮಿತಿಯಿರುವ ಶಕ್ತಿಯ ಒಂದು ಹೊಡೆತ ಕೊಟ್ಟು ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಕೈ ಹಿಂದಕ್ಕೆ ಎಳೆದುಕೊಳ್ಳಬಹುದು. ಮನೆ ಕರೆಂಟ್‌ನಲ್ಲಿ ಇಂಥ ಬಿಡುವೇ ಇಲ್ಲ. ಅದು ಸೆಕೆಂಡಿಗೆ 50 ಆವರ್ತನದಂತೆ ಹರಿಯುತ್ತಲೇ ಇರುತ್ತದೆ.

ನಾಯಿ, ನರಿ ಒಳಗೆ ಬಾರದಂತೆ ತಡೆಯಲು ಇಂಥ ಬೇಲಿ ನೆರವಾಗುತ್ತದೆ. ಹಾರುವ ನಾಟಿ ಕೋಳಿಯನ್ನು ಒಳಗೆ ಇಡಲು ಅಷ್ಟಾಗಿ ಅಲ್ಲ. ಹಾಕಿಸುವುದಿದ್ದರೂ ಪ್ರಮಾಣೀಕೃತ ಎನರ್ಜೈಸರ್ ಕೊಂಡು, ಗೊತ್ತಿರುವವರಿಂದಲೇ ಹಾಕಿಸಿ, ಎಚ್ಚರಿಕೆಯ ಫಲಕ ತೂಗುಹಾಕಿ.

ಅಲ್ಟ್ರಾಸಾನಿಕ್ ಆಪ್ ಕೆಲಸ ಮಾಡುತ್ತದೆಯೇ?

ಮನುಷ್ಯರ ಕಿವಿ ಹೆಚ್ಚೆಂದರೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಬಲ್ಲದು. ಅದಕ್ಕಿಂತ ಮೇಲಿನದೇ ಅಲ್ಟ್ರಾಸಾನಿಕ್. ಕೋಳಿಯ ಕಿವಿಗೆ ಸುಮಾರು 7,000-8,000 ಹರ್ಟ್ಸ್ ದಾಟಿದ ಸದ್ದು ಸರಿಯಾಗಿ ಕೇಳುವುದಿಲ್ಲ. ನಮಗೇ ಕೇಳದ ಸದ್ದು ಅದಕ್ಕೆ ಹೇಗೆ ಕೇಳೀತು? ಮೇಲಾಗಿ ಮೊಬೈಲ್ ಸ್ಪೀಕರ್ ತಯಾರಾಗಿರುವುದೇ ಮನುಷ್ಯರಿಗೆ ಕೇಳುವ ಸದ್ದಿಗಾಗಿ. ನಾಯಿಗೆ ಅಲ್ಟ್ರಾಸಾನಿಕ್ ಕೇಳುತ್ತದೆ ನಿಜ. ಹಾಗಾಗಿ ಇಂಥ ಯಂತ್ರ ಕೊಂಡು ತಂದರೆ ಕಿರಿಕಿರಿಯಾಗುವುದು ನಿಮ್ಮ ಮನೆಯ ನಾಯಿಗೆ, ಕೋಳಿಗಲ್ಲ.

ಸದ್ದಿನಿಂದ ಕೋಳಿಯನ್ನು ಕರೆಯುವ ನಿಜವಾದ ದಾರಿ ಅಜ್ಜಿಯರಿಗೆ ಗೊತ್ತಿತ್ತು. ದಿನಾ ಸಂಜೆ ಒಂದೇ ದನಿಯಲ್ಲಿ ಕರೆದು ಕಾಳು ಎರಚಿದರೆ ಕೆಲವೇ ದಿನಗಳಲ್ಲಿ ಆ ಸದ್ದು ಕೇಳಿದ ಕೂಡಲೇ ಕೋಳಿಗಳು ಓಡಿ ಬರುತ್ತವೆ. ಅದೇ ಕರೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟರೆ ನೀವಿಲ್ಲದಾಗ ಮನೆಯವರು ಯಾರು ಬೇಕಾದರೂ ಹಾಕಬಹುದು. ಕಾಳು ಮಾತ್ರ ತಪ್ಪಬಾರದು. ಬರೀ ಸದ್ದು ಕೇಳಿಸಿ ಕಾಳು ಕೊಡದಿದ್ದರೆ ಅವು ಬರುವುದನ್ನೇ ಬಿಡುತ್ತವೆ.

ಹಣ ಹಾಕಿದರೆ ಉಪಯೋಗವಾಗುವ ಸಾಧನ ಯಾವುದು?

ತಾನಾಗಿ ಮುಚ್ಚುವ ಗೂಡಿನ ಬಾಗಿಲು. ಕೋಳಿಗೆ ಕತ್ತಲಲ್ಲಿ ಕಣ್ಣು ಚೆನ್ನಾಗಿ ಕಾಣುವುದಿಲ್ಲ. ಆದ್ದರಿಂದ ಸಂಜೆಯಾಗುತ್ತಲೇ ಅದು ತಾನೇ ಗೂಡಿಗೆ ಬಂದು ಕೂರುತ್ತದೆ. ಆ ಮೇಲೆ ಬಾಗಿಲು ಮುಚ್ಚಿದರೆ ಸಾಕು. 12 ವೋಲ್ಟ್‌ನ ಚಿಕ್ಕ ಮೋಟರ್ ಮತ್ತು ಟೈಮರ್ ಅಥವಾ ಬೆಳಕಿನ ಸೆನ್ಸರ್ ಈ ಕೆಲಸ ಮಾಡುತ್ತವೆ. ಕೆಲವು ಸಂಗತಿ ನೆನಪಿಡಿ.

ಬೆಂಗಳೂರಿನಲ್ಲಿ ನವೆಂಬರ್ ಕೊನೆಗೂ ಜುಲೈ ಮೊದಲಿಗೂ ಸೂರ್ಯ ಮುಳುಗುವ ಹೊತ್ತಿನಲ್ಲಿ ಸುಮಾರು ಒಂದು ಗಂಟೆ ವ್ಯತ್ಯಾಸವಿದೆ. ಟೈಮರ್ ಇದ್ದರೆ ಋತು ಬದಲಾದಂತೆ ಹೊತ್ತು ಬದಲಿಸಬೇಕು. ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರಕ್ಕೆ ಇಡುವುದು ಒಳ್ಳೆಯದು.

ಬೆಳಕಿನ ಸೆನ್ಸರ್ ಇದ್ದರೆ ಬೀದಿ ದೀಪದ ಬೆಳಕಿಗೆ ಬಾಗಿಲು ಮುಚ್ಚದೆ ಉಳಿಯಬಹುದು, ಮಳೆಗಾಲದ ಕಪ್ಪು ಮೋಡಕ್ಕೆ ಬೇಗನೆ ಮುಚ್ಚಬಹುದು. ಏನಾದರೂ ಅಡ್ಡ ಸಿಕ್ಕರೆ ನಿಲ್ಲುವಂಥ ಬಾಗಿಲನ್ನೇ ಆರಿಸಿ. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ರಾತ್ರಿ ಒಮ್ಮೆ ಕೋಳಿ ಎಣಿಸಿ. ಹೊರಗೆ ಉಳಿದ ಕೋಳಿಗೆ ಆ ಬಾಗಿಲು ಬೆಳಿಗ್ಗೆವರೆಗೂ ತೆರೆಯುವುದಿಲ್ಲ.

ಮೂಲೆಯಲ್ಲಿ ಬಿದ್ದಿರುವ ಹಳೆಯ ಮೊಬೈಲನ್ನು ಕ್ಯಾಮೆರಾ ಮಾಡಿಕೊಳ್ಳುವುದೂ ಉಪಯೋಗವೇ. ಅದು ಕೋಳಿಯನ್ನು ತಡೆಯುವುದಿಲ್ಲ, ಆದರೆ ಎಲ್ಲಿಂದ ನುಸುಳುತ್ತದೆ ಎಂದು ತೋರಿಸುತ್ತದೆ. ಒಂದು ದಿನದ ವಿಡಿಯೊ ನೋಡಿದರೆ ಮುಚ್ಚಬೇಕಾದ ಕಂಡಿ ಯಾವುದೆಂದು ತಿಳಿಯುತ್ತದೆ. ಕೋಳಿಯ ಕಾಲಿಗೆ ಜಿಪಿಎಸ್ ಟ್ಯಾಗ್ ಕಟ್ಟುವುದು ದಂಡ. ತೆರೆದ ಬಯಲಲ್ಲೂ ಅದರ ಲೆಕ್ಕ ಕೆಲವು ಮೀಟರ್ ಆಚೀಚೆ ಆಗುತ್ತದೆ. ಕೋಳಿ ನಿಮ್ಮ ಹಿತ್ತಲಲ್ಲಿದೆಯೋ ಪಕ್ಕದ ಮನೆಯಲ್ಲಿದೆಯೋ ಎಂದು ಅದು ಖಚಿತವಾಗಿ ಹೇಳಲಾರದು.

ಕೋಳಿ ಆಚೆ ಹೋಗುವುದಾದರೂ ಏಕೆ?

ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಸಮಸ್ಯೆ ಮುಗಿದಂತೆ. ಮೇವು, ನೀರು ಸಾಲದಿದ್ದರೆ, ಜಾಗ ಇಕ್ಕಟ್ಟಾದರೆ, ನಾಯಿ ಬೆದರಿಸಿದರೆ ಕೋಳಿ ಹೊರಟುಬಿಡುತ್ತದೆ. ಮೊಟ್ಟೆ ಇಡುವ ಹೇಂಟೆ ಮರೆಯಾದ, ಕತ್ತಲೆಯ ಜಾಗ ಹುಡುಕುತ್ತದೆ. ಗೂಡಿನಲ್ಲಿ ಹುಲ್ಲು ಹಾಸಿದ ಬುಟ್ಟಿ ಇಟ್ಟರೆ, ನಾಲ್ಕೈದು ಹೇಂಟೆಗೆ ಒಂದರಂತೆ, ಪಕ್ಕದ ಮನೆಯ ಸೌದೆ ರಾಶಿ ಅದಕ್ಕೆ ಬೇಕಾಗುವುದಿಲ್ಲ.

ಬೇಲಿಯ ವಿಷಯಕ್ಕೆ ಬಂದರೆ, ಹಗುರವಾದ ನಾಟಿ ಕೋಳಿಗೆ 6 ಅಡಿಯಾದರೂ ಎತ್ತರ ಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜದಂಥ ಭಾರದ ತಳಿಗೆ ಅಷ್ಟು ಬೇಡ. ಬೇಲಿಯ ತುದಿಗೆ ಮರದ ಪಟ್ಟಿ ಹೊಡೆಯಬೇಡಿ. ಕೋಳಿ ಸಾಮಾನ್ಯವಾಗಿ ಮೊದಲು ಮೇಲೆ ಹಾರಿ ಕೂರುತ್ತದೆ, ಆಮೇಲೆ ಆಚೆ ಇಳಿಯುತ್ತದೆ. ತುದಿಯಲ್ಲಿ ಬಾಗುವ ಜಾಲರಿ ಇದ್ದರೆ ಅದಕ್ಕೆ ಕೂರಲು ಜಾಗವಿರುವುದಿಲ್ಲ. ಕೆಳಗೆ ಒಂದು ಅಡಿ ಜಾಲರಿಯನ್ನು ಹೊರಕ್ಕೆ ಮಡಚಿ ಮಣ್ಣು ಮುಚ್ಚಿದರೆ ನಾಯಿ, ಮುಂಗುಸಿ ತೋಡಿ ಒಳಬರುವುದು ಕಷ್ಟ.

ಆದರೂ ಹಾರುವ ಕೋಳಿಗೆ ಒಂದೇ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಬಹುದು. ಗರಿ ನಮ್ಮ ಉಗುರಿನಂಥದೇ ವಸ್ತು, ಬೆಳೆದು ಮುಗಿದ ಗರಿ ಕತ್ತರಿಸಿದರೆ ನೋವಿಲ್ಲ. ಬುಡದಲ್ಲಿ ರಕ್ತ ತುಂಬಿ ಕಪ್ಪಾಗಿ ಕಾಣುವ ಎಳೆ ಗರಿ ಮಾತ್ರ ಮುಟ್ಟಬೇಡಿ. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು. ಗರಿ ಕತ್ತರಿಸಿದ ಕೋಳಿಗೆ ನಾಯಿಯಿಂದ ಹಾರಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಬೇಲಿ ಗಟ್ಟಿಯಿದ್ದಲ್ಲಿ ಮಾತ್ರ ಹೀಗೆ ಮಾಡಿ.

ತಿಳಿಯದೆಯೇ ಬೇಲಿಗೆ ಕರೆಂಟ್ ಬಂದೀತು

ಮರಿಗಳಿಗೆ ಕಾವು ಕೊಡಲು ಗೂಡಿಗೆ ಬಲ್ಬ್ ಎಳೆದವರು ಇಂದೇ ಒಮ್ಮೆ ನೋಡಿ. ವೈರ್ ಕಬ್ಬಿಣದ ಜಾಲರಿಗೆ ಉಜ್ಜಿ ಮೇಲಿನ ಪ್ಲಾಸ್ಟಿಕ್ ಹರಿದರೆ ಇಡೀ ಗೂಡಿಗೆ ಕರೆಂಟ್ ಬರುತ್ತದೆ. ಜೋಡಿಸಿ ಟೇಪ್ ಸುತ್ತಿದ ವೈರ್ ಬೇಡ. ವೈರನ್ನು ಪಿವಿಸಿ ಪೈಪಿನೊಳಗೆ ಹಾಯಿಸಿ. ಬಾಗಿಲಿನ 12 ವೋಲ್ಟ್ ಅಡಾಪ್ಟರ್ ಮನೆಯೊಳಗೇ ಇರಲಿ.

ಯಾರಿಗಾದರೂ ಕರೆಂಟ್ ಹೊಡೆದರೆ ಕೈಯಿಂದ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಗದಿದ್ದರೆ ಒಣ ಕೋಲಿನಿಂದ ತಂತಿ ಸರಿಸಿ. 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ, ಬೇಗ ಬೇಗ ಒತ್ತುತ್ತಿರಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

'ಕೋಳಿ ಬೇಲಿಗೆ ಮನೆಯ ಕರೆಂಟ್ ಕೊಡಬೇಡಿ. ಬಲ್ಬ್ ಹಾಕಿದರೂ ಅಪಾಯ. ಹಾರುವ ಕೋಳಿಗೆ ಶಾಕ್ ಹೊಡೆಯುವುದಿಲ್ಲ, ನೆಲದ ಮೇಲಿರುವ ಮಗುವಿಗೆ ಹೊಡೆಯುತ್ತದೆ. ಸಂಜೆ ಕಾಳು ಹಾಕಿ ಕರೆಯಿರಿ, ಗೂಡಿನ ಬಾಗಿಲು ಮುಚ್ಚಿ, ಒಂದು ರೆಕ್ಕೆಯ ಗರಿ ಕತ್ತರಿಸಿ.'

ಬೇಲಿಗೆ ಕರೆಂಟ್ ಕೊಡುವ ವಿಡಿಯೊ ನಿಮ್ಮ ಗುಂಪಿನಲ್ಲಿ ಮತ್ತೆ ಬಂದರೆ ಅದರ ಕೆಳಗೇ ಈ ನಾಲ್ಕು ಸಾಲು ಹಾಕಿ. ಆ ವಿಡಿಯೊ ನೋಡಿ ಇಂದು ಸಂಜೆಯೇ ವೈರ್ ಎಳೆಯಲು ಹೊರಟವರು ಆ ಗುಂಪಿನಲ್ಲಿ ಒಬ್ಬರಾದರೂ ಇರಬಹುದು.