ಕೆಪಾಸಿಟರ್ ದೊಡ್ಡದಾದರೆ ಬಾಸ್ ಜಾಸ್ತಿಯೇ?

ದೀಪಾವಳಿ ಕಳೆದು ಹೋರಿ ಹಬ್ಬ ಶುರುವಾಯಿತೆಂದರೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಮೈಕ್ ಸೆಟ್‌ಗಳಿಗೆ ಬಿಡುವಿಲ್ಲ. ರಿಪೇರಿಯವರಿಗೆ ಪುಕ್ಕಟೆ ಸಲಹೆಗಳಿಗೂ ಬರವಿಲ್ಲ. ‘ಕಪ್ಲಿಂಗ್ ಕೆಪಾಸಿಟರ್ ದೊಡ್ಡದು ಹಾಕಿ, ಬಾಸ್ ಗುಡುಗ್ಬೇಕು!’ ಗುಡುಗಬೇಕಾದದ್ದು ಮರಕ್ಕೆ ಕಟ್ಟಿದ ಹಾರ್ನ್. ಅದು 300 ಹರ್ಟ್ಸ್‌ನಿಂದ ಕೆಳಗಿಳಿಯುವುದೇ ಕಷ್ಟ. ಭದ್ರಾವತಿ ಆಕಾಶವಾಣಿ ಕೇಳಲು ಅಜ್ಜನ ವಾಲ್ವ್ ರೇಡಿಯೋ ಎಬ್ಬಿಸುವವರಿಗೂ ಇದೇ ಉಪದೇಶ.

ಒಂದು ಲೆಕ್ಕ ಹಾಕಬಾರದೇ? ಕಪ್ಲಿಂಗ್ ಕೆಪಾಸಿಟರ್‌ನ ಕೆಲಸ ಸ್ವರವನ್ನು ಮುಂದಿನ ಹಂತಕ್ಕೆ ದಾಟಿಸಿ ಡಿಸಿಯನ್ನು ತಡೆಯುವುದು. ರೇಡಿಯೋದಲ್ಲಿ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಮುಂದೆ 470 ಕಿಲೋಓಮ್ ರೆಸಿಸ್ಟರ್ ಇದೆ ಅನ್ನಿ. ಈ ಜೋಡಿ ತಗ್ಗು ಸ್ವರವನ್ನು ತಡೆಯಲು ಶುರುಮಾಡುವುದು 34 ಹರ್ಟ್ಸ್ ಹತ್ತಿರ. ಆರಿಂಚಿನ ಸ್ಪೀಕರ್ 100ರ ಆಸುಪಾಸಿನಲ್ಲೇ ಸುಸ್ತಾಗಿರುತ್ತದೆ. 0.1 ಹಾಕಿ 3.4 ಹರ್ಟ್ಸ್‌ಗೆ ಇಳಿಸಿದರೆ ಕೇಳುವವರು ಯಾರು? ಮನುಷ್ಯರ ಕಿವಿ 20ಕ್ಕೇ ಬಾಗಿಲು ಹಾಕುತ್ತದೆ. ಬಾಸ್ ಬದಲು ಕೆಲವು ಸೆಟ್‌ಗಳು ಬುಡುಬುಡು ಎನ್ನತೊಡಗುತ್ತವೆ, ಅಷ್ಟೇ ಲಾಭ.

‘ನಮ್ಮದಕ್ಕೆ ಹಾಕಿದ ಮೇಲೆ ಸೌಂಡ್ ಸರಿಹೋಯ್ತಲ್ಲ!’ ಹೋಗಿರುತ್ತದೆ. ಹಳೆಯದು ಲೀಕ್ ಆಗುತ್ತಿತ್ತು. ಅದೇ ಅಳತೆಯ ಹೊಸದಕ್ಕೂ ಸರಿಹೋಗುತ್ತಿತ್ತು. ಮೇಣ ಹಚ್ಚಿದ ಕಾಗದದ ಆ ಹಳೇ ಕಂಡೆನ್ಸರ್ (ಕೆಪಾಸಿಟರಿನದೇ ಹಳೇ ಹೆಸರು) ತೇವ ಕುಡಿದು ಡಿಸಿಯನ್ನೂ ಬಿಡತೊಡಗುತ್ತದೆ. ಅದರ ಹಿಂಬದಿಯಲ್ಲಿ 200 ವೋಲ್ಟ್ ಇದ್ದು, ಕಂಡೆನ್ಸರಿನ ತಡೆ 10 ಮೆಗಾಓಮ್‌ಗೆ ಕುಸಿದರೆ ಮುಂದಿನ ವಾಲ್ವಿನ ಗ್ರಿಡ್‌ಗೆ ಹೆಚ್ಚುಕಮ್ಮಿ 9 ವೋಲ್ಟ್ ನುಗ್ಗುತ್ತದೆ. ಇಎಲ್84ನಂಥ ಔಟ್‌ಪುಟ್ ವಾಲ್ವ್ ಹತೋಟಿಯಲ್ಲಿರಲು ಅಲ್ಲಿ ಬೇಕಾದದ್ದು ಮೈನಸ್ 7ರಷ್ಟು. ಸ್ವರ ಒಡೆಯುತ್ತದೆ, ವಾಲ್ವಿನೊಳಗಿನ ಪ್ಲೇಟ್ ಕೆಂಪಾಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಸುಟ್ಟಿತು.

‘ಮೀಟರ್‌ನಲ್ಲಿ ಅಳತೆ ಸರಿ ಇದೆ’ ಎನ್ನುವುದೂ ಸಾಲದು; ಮೀಟರ್ ಹಚ್ಚುವುದು ನಾಲ್ಕಾರು ವೋಲ್ಟ್, ಸೆಟ್ಟಿನೊಳಗೆ ಬೀಳುವುದು ಇನ್ನೂರು. ಮೂಲಕ್ಕಿಂತ ಹೆಚ್ಚು ವೋಲ್ಟಿನದು ಹಾಕಿದರೆ ಸೌಂಡ್ ಕಮ್ಮಿಯಾಗುವುದಿಲ್ಲ, ಜಾಗ ಹಿಡಿಸಿದರಾಯಿತು. ‘ಆಡಿಯೋ ಗ್ರೇಡ್’ ಎಂದು ಸಾವಿರಾರು ರೂಪಾಯಿ ಸುರಿಯುವುದೂ ಬೇಡ: 400 ಅಥವಾ 630 ವೋಲ್ಟಿನ ಮಾಮೂಲಿ ಪಾಲಿಯೆಸ್ಟರ್ ಸಾಕು. ಅಂಗಡಿಗೆ ಹೋಗಿ ಟೊಮೆಟೊವನ್ನು ಹಿಚುಕಿ ನೋಡಿ ತರುವ ಜನ, ಚಿನ್ನದ ಬಣ್ಣದ ಅಕ್ಷರ ಕಂಡ ಕೂಡಲೇ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರಲ್ಲ!

ಹಳೆಯದರ ಪರೀಕ್ಷೆಗೆ ಕಿವಿಯೂ ಬೇಡ, ಬ್ರಾಂಡೂ ಬೇಡ. ಕೆಲಸ ಗೊತ್ತಿದ್ದವರು ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನು ಬಿಡಿಸಿ, ಸೆಟ್ ಹಾಕಿ, ಆ ಕಾಲಿಗೂ ಚಾಸಿಗೂ ಮೀಟರ್ ಹಿಡಿಯುತ್ತಾರೆ. ಮುಳ್ಳು ಕ್ಷಣ ಹಾರಿ ಸೊನ್ನೆಗೆ ಬಂದರೆ ಸರಿ. ವೋಲ್ಟ್ ತೋರಿಸುತ್ತಲೇ ನಿಂತರೆ ಕಿತ್ತು ಬಿಸಾಡಿ.